ಹೆಂಗ ಈಜತೈತಿ, ಹೇಳ್ರಿ

ಸಂಬಳದ ಚೀಟಿಯಲ್ಲಿ ನನ್ನ ಹುದ್ದೆ ‘ಕನ್ನಡ ಸ್ಕ್ರಿಪ್ಟ್ ರೈಟರ್’ ಎಂದಿರುತ್ತಿತ್ತು. ನಿಜವಾಗಿ ನಾನು ಮಾಡಿದ್ದು ನೀರಿನಲ್ಲಿರುವ ಪ್ರಾಣಿಗಳಿಗೆ ಕ್ರಿಯಾಪದ ಹುಡುಕುವ ಕೆಲಸ. ಈಗ ಇದೇ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, ಯಾವ ನಿಘಂಟು ಇಟ್ಟುಕೊಳ್ಳಬೇಕು ಮೇಡಂ ಎಂದು ಕೇಳುತ್ತಾರೆ. ನಿಘಂಟಿನ ಹೆಸರು ಹೇಳಿ ಫೋನ್ ಇಟ್ಟ ಮೇಲೆ ಏನೋ ಮುಖ್ಯವಾದದ್ದನ್ನು ಹೇಳದೆ ಬಿಟ್ಟೆ ಅನ್ನಿಸುತ್ತದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಮದ್ರಾಸಿನ ವಡಪಳನಿಯ ಒಂದು ಗಲ್ಲಿಯಲ್ಲಿ ನಮ್ಮ ಸ್ಟುಡಿಯೋ ಇತ್ತು. ಕೆಳಗೆ ಸಿನಿಮಾದವರಿಗೆ ವಿಗ್ ಬಾಡಿಗೆ ಕೊಡುವ ಅಂಗಡಿ, ಮೇಲೆ ನಾವು. ಹೊರದೇಶಗಳಲ್ಲಿ ತೆಗೆದ ಕಡಲ ಚಿತ್ರಗಳನ್ನು ಕೊಂಡು ತಂದು, ದಕ್ಷಿಣದ ನಾಲ್ಕು ಭಾಷೆಗಳಲ್ಲಿ ವಿವರಣೆ ಸೇರಿಸಿ, ಶಾಲೆಗಳಿಗೆ ಕ್ಯಾಸೆಟ್ ಮಾಡಿ ಕಳಿಸುವುದು ನಮ್ಮ ವ್ಯಾಪಾರ. ಮಾಲೀಕರು ದೊರೈರಾಜ್ ಎಂಬ ತಮಿಳರು. ಚಿತ್ರಗಳ ಜೊತೆ ಬರುತ್ತಿದ್ದ ಸಂಗೀತದ ಹಕ್ಕು ನಮಗೆ ಸಿಗುತ್ತಿರಲಿಲ್ಲ. ಹಾಗಾಗಿ ನಮ್ಮ ಕೈಗೆ ಬರುತ್ತಿದ್ದದ್ದು ಮೂಕ ಸಮುದ್ರ. ಅದಕ್ಕೆ ಮಾತು ನಾನು ಕೊಡಬೇಕು. ಕನ್ನಡದ ಮಟ್ಟಿಗೆ ಬರೆಯುವುದೂ ನಾನೇ, ಮೈಕಿನ ಮುಂದೆ ಕೂತು ಓದುವುದೂ ನಾನೇ.

ನಾನು ಹುಟ್ಟಿ ಬೆಳೆದದ್ದು ತಿರುವಲ್ಲಿಕ್ಕೇಣಿಯಲ್ಲಿ. ನಮ್ಮ ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದ ವೈಷ್ಣವರ ಮನೆ. ಮನೆಯಲ್ಲಿ ಮೀನಿನ ಮಾತು ಬಂದರೆ ಅದು ದಶಾವತಾರದ ಮತ್ಸ್ಯ ಮಾತ್ರ. ಕಡಲಿನಿಂದ ಕೂಗಳತೆಯ ದೂರದಲ್ಲಿ ಇಷ್ಟು ವರ್ಷ ಬದುಕಿದವಳಿಗೆ ನೀರಿನ ಒಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದೆ. ಆ ಶಾಲೆಯ ಕನ್ನಡ ವಿಭಾಗ ಮುಚ್ಚಿದಾಗ ಈ ಕೆಲಸಕ್ಕೆ ಸೇರಿದೆ.

ಮೊದಲ ಚಿತ್ರದ ವಿವರಣೆ ಬರೆದು ಓದತೊಡಗಿದಾಗಲೇ ನನಗೆ ನಾಚಿಕೆಯಾಯಿತು. ‘ಈಜುತ್ತದೆ’, ‘ಈಜುತ್ತಿದೆ’, ‘ಈಜಿ ಹೋಗುತ್ತದೆ’, ‘ಈಜಾಡುತ್ತವೆ’. ಆಮೆಯೂ ಈಜುತ್ತದೆ, ಹಾವುಮೀನೂ ಈಜುತ್ತದೆ, ಪೆಂಗ್ವಿನ್ನೂ ಈಜುತ್ತದೆ. ತೆರೆಯ ಮೇಲೆ ಒಂದೊಂದೂ ಒಂದೊಂದು ಬಗೆಯಲ್ಲಿ ಹೋಗುತ್ತಿದ್ದರೆ ನನ್ನ ಬಾಯಲ್ಲಿ ಒಂದೇ ಮಾತು. ಇಂಗ್ಲಿಷ್ ಹಾಳೆಯಲ್ಲಿ ಪ್ರತಿ ಪ್ರಾಣಿಗೂ ಬೇರೆ ಬೇರೆ ಕ್ರಿಯಾಪದಗಳಿದ್ದವು. ನಿಘಂಟು ತೆಗೆದರೆ ಅವಕ್ಕೆಲ್ಲ ಕೊನೆಗೆ ‘ಚಲಿಸು’ ಎಂದೇ ಇತ್ತು. ದೊರೈರಾಜ್ ಸಾರ್‌ಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. “ಮೇಡಂ, ಫಿಶ್ ನೀಂದುದು. ಅವ್ವಳವುದಾನೇ?” ಎಂದರು. ಮೀನು ಈಜುತ್ತದೆ, ಅಷ್ಟೇ ತಾನೆ ಎಂದು ಅವರ ಲೆಕ್ಕ.

ಬಸವರಾಜ ಬಾರದೆ ಇದ್ದಿದ್ದರೆ ನಾನೂ ಅಷ್ಟೇ ತಾನೆ ಎಂದುಕೊಂಡು ನಿವೃತ್ತಳಾಗುತ್ತಿದ್ದೆನೋ ಏನೋ.

ಬಸವರಾಜ ನಮ್ಮ ಕೀಬೋರ್ಡ್ ವಾದಕ. ನಲವತ್ತರ ಆಸುಪಾಸಿನವರು. ಬಳ್ಳಾರಿ ಕಡೆಯಿಂದ ಬಂದು ಪುರಸೈವಾಕ್ಕಂನಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನ. ಅಣ್ಣಂದಿರು ಅಂಗಡಿ ನೋಡಿಕೊಂಡರು, ಇವರು ಸಂಗೀತಕ್ಕೆ ಬಂದರು. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ಕಣ್ಣು ಕಾಣದವರಿಗೆ ಚಿತ್ರದ ಸಂಗೀತವೇ ಎಂದು ಮೊದಲ ದಿನ ರೆಕಾರ್ಡಿಂಗ್ ಕೋಣೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅವರು ಕೀಬೋರ್ಡಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಪರದೆಯ ಮೇಲೆ ಒಂದು ದೊಡ್ಡ ತೊರಕೆ ಮೀನು ಹಾದು ಹೋಗುತ್ತಿತ್ತು, ಚಪ್ಪಟೆ ಮೈಯ, ಚಾಪೆಯಷ್ಟು ಅಗಲದ ಮೀನು.

“ಅಕ್ಕಾರ, ಅದು ಹೆಂಗ ಈಜತೈತಿ, ಹೇಳ್ರಿ” ಎಂದರು.

“ಚೆನ್ನಾಗಿ ಈಜ್ತಿದೆ” ಎಂದೆ.

“ಸುಮ್ಮಾ ಚೆನ್ನಾಗಿ ಅಂದ್ರ ನಾ ಏನ್ ಬಾರಿಸ್ಲಿರಿ?”

ನಾನು ಮತ್ತೆ ನೋಡಿದೆ. “ರೆಕ್ಕೆ ಬಡಿಯುತ್ತಾ ಹೋಗ್ತಿದೆ. ಹಕ್ಕಿ ಥರ” ಎಂದೆ. ಅವರು ಬೆರಳಾಡಿಸಿದರು. ಪಟಪಟ ಎಂದು ಪಾರಿವಾಳಗಳ ಗುಂಪೇ ಎದ್ದು ಹೋಯಿತು. ಅಷ್ಟು ನಿಧಾನವಾದ ಗಂಭೀರವಾದ ಪ್ರಾಣಿಯ ಹಿಂದೆ ಆ ಸದ್ದು ಕೇಳಿ ಯಂತ್ರದ ಮುಂದೆ ಕೂತಿದ್ದವರೆಲ್ಲ ನಕ್ಕರು. ಬಸವರಾಜ ನಗಲಿಲ್ಲ. “ನಾ ತಪ್ಪು ಬಾರಿಸ್ಲಿಲ್ಲ. ನೀವು ಹೇಳಿದ್ದನ್ನ ಬಾರಿಸಿದೆ” ಎಂದರು.

ಅದು ನಿಜವಾಗಿತ್ತು. ನಾನು ಎದ್ದು ಪರದೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ, ಆ ದೃಶ್ಯವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದೆ. ಅದು ರೆಕ್ಕೆ ಬಡಿಯುತ್ತಿರಲಿಲ್ಲ. ತಲೆಯ ಪಕ್ಕದಲ್ಲಿ ಒಂದು ಏರು ಹುಟ್ಟಿ, ಆ ಏರು ಅಂಚಿನುದ್ದಕ್ಕೂ ಹಿಂದಕ್ಕೆ ಸಾಗಿ, ಬಾಲದ ಹತ್ತಿರ ಕರಗುತ್ತಿತ್ತು. ಅಷ್ಟರಲ್ಲಿ ಮುಂದೆ ಇನ್ನೊಂದು ಏರು ಹುಟ್ಟಿರುತ್ತಿತ್ತು. ನೀರಿನಲ್ಲಿ ಅಲೆ ಇರುತ್ತದೆ ಎಂದು ಗೊತ್ತು. ಅಲೆಯನ್ನೇ ಮೈಯಾಗಿ ಮಾಡಿಕೊಂಡ ಪ್ರಾಣಿ ಇರುತ್ತದೆ ಎಂದು ನನಗೆ ಆ ದಿನದ ತನಕ ಗೊತ್ತಿರಲಿಲ್ಲ. ತೊದಲುತ್ತಾ ಅದನ್ನೇ ಹೇಳಿದೆ.

ಬಸವರಾಜ ತಲೆ ಓರೆ ಮಾಡಿ ಕೇಳಿದರು. “ನಮ್ಮ ಅಂಗಡಿಯಾಗ ಗಿರಾಕಿ ಮುಂದ ಥಾನು ಬಿಚ್ಚಿ ಒಗೀತಾರಲ್ಲ, ಆಗ ಬಟ್ಟಿ ಗಾಳಿಯಾಗ ಉಬ್ಬಿ ಉಬ್ಬಿ ಈ ತುದಿಗೆ ಬರತೈತಿ. ಸಣ್ಣವಿದ್ದಾಗ ನಾ ಕೌಂಟರಿನ ಈ ತುದಿಯಾಗ ಕೈ ಚಾಚಿ ಕುಂದರತಿದ್ದೆ, ಅದು ಬಂದು ಮುಟ್ಟಲಿ ಅಂತ. ಹಂಗೇನು?”

“ಹಾಗೇ. ಥೇಟ್ ಹಾಗೇ.”

ಈ ಸಲ ಬಂದ ಸಂಗೀತ ಮಂದ್ರದಲ್ಲಿ ಹುಟ್ಟಿ, ಉಬ್ಬಿ, ಸಾಗಿ, ಇಳಿಯಿತು. ಯಾರೂ ನಗಲಿಲ್ಲ. ನನ್ನ ಹಾಳೆಯಲ್ಲಿ ‘ಈಜುತ್ತದೆ’ಯನ್ನು ಹೊಡೆದು ‘ತನ್ನ ಮೈಯನ್ನೇ ಬೀಸಿಕೊಂಡು ಹೋಗುತ್ತದೆ’ ಎಂದು ಬರೆದೆ.

ಅಲ್ಲಿಂದ ನಮ್ಮ ಕ್ರಮ ಬದಲಾಯಿತು. ಚಿತ್ರ ಬಂದ ಕೂಡಲೆ ಮೊದಲು ನಾನು ನೋಡುವುದು, ಬಸವರಾಜರಿಗೆ ಹೇಳುವುದು, ಅವರು ಒಪ್ಪಿದ ಮೇಲೆ ಬರೆಯುವುದು. ಅವರು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಲೋಳೆಮೀನು, ಅಂದರೆ ಜೆಲ್ಲಿಫಿಶ್, ಬಂದಾಗ ಅರ್ಧ ದಿನ ಜಗಳವಾಡಿದೆವು. ಕೊಡೆ ತೆರೆದು ಮುಚ್ಚಿದ ಹಾಗೆ ಎಂದೆ. “ಕೊಡಿ ಕಟಕ್ ಅಂತೈತಿ. ಇದು ಕಟಕ್ ಅಂತೈತೇನು?” ಎಂದು ಕೇಳಿದರು. ಅನ್ನುವುದಿಲ್ಲ. ಕೊನೆಗೆ ಅವರ ಮಣಿಕಟ್ಟು ಹಿಡಿದು, ನಾಡಿಯ ಮೇಲೆ ಅವರದೇ ಬೆರಳು ಇಡಿಸಿದೆ. “ಹೀಗೆ. ಆದರೆ ಇದಕ್ಕಿಂತ ಬಹಳ ನಿಧಾನ” ಎಂದೆ. ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆ ಚಿತ್ರದಲ್ಲಿ ‘ಲೋಳೆಮೀನು ಮಿಡಿಯುತ್ತದೆ, ಪ್ರತಿ ಮಿಡಿತಕ್ಕೂ ಒಂದಿಷ್ಟು ಮುಂದೆ ಹೋಗುತ್ತದೆ’ ಎಂಬ ಮಾತಿದೆ. ಎಲುಬಿಲ್ಲದ, ಮಿದುಳಿಲ್ಲದ, ಬರೀ ನೀರಿನಂಥ ಆ ಜೀವಕ್ಕೆ ಮೈಯ ಮಿಡಿತವೇ ನಡಿಗೆ ಎಂದು ತಿಳಿದ ದಿನ ನಾನು ಬಸ್ಸಿನಲ್ಲಿ ಮನೆಗೆ ಹೋಗುವಾಗ ಸುಮ್ಮನೆ ಕೂರಲಾಗದೆ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿಗೆ ತಮಿಳಿನಲ್ಲಿ ಅದನ್ನೇ ವಿವರಿಸಿದೆ. ಆಕೆ ಮುಂದಿನ ಸ್ಟಾಪಿನಲ್ಲೇ ಇಳಿದು ಹೋದಳು.

ಎಡವಟ್ಟುಗಳೂ ಆದವು. ಕಡಲ್ಗುದುರೆಯ ಚಿತ್ರದ ಸಮಯಕ್ಕೆ ನನಗೆ ಜ್ವರ. ದೊರೈರಾಜ್ ಸಾರ್ ಅವಸರ ಮಾಡಿ ನನ್ನನ್ನು ಕಾಯದೆ ಸಂಗೀತ ಮುಗಿಸಿಬಿಟ್ಟಿದ್ದರು. ಹೇಳುವವರಿಲ್ಲದೆ ಬಸವರಾಜ ಹೆಸರನ್ನೇ ನಂಬಿ ಕುದುರೆಯ ನಾಗಾಲೋಟವನ್ನೇ ಬಾರಿಸಿದ್ದರು. ಪರದೆಯ ಮೇಲೋ, ಬೆರಳಿನಷ್ಟು ಉದ್ದದ ಪ್ರಾಣಿ ನೆಟ್ಟಗೆ ನಿಂತು, ಬೆನ್ನಿನ ಮೇಲಿನ ಒಂದು ಪುಟ್ಟ ರೆಕ್ಕೆಯನ್ನು ಕಣ್ಣಿಗೆ ಕಾಣದಷ್ಟು ಬೇಗ ನಡುಗಿಸುತ್ತಾ, ಇದ್ದಲ್ಲಿಂದ ಒಂದು ಗೇಣು ಸರಿಯಲು ಒದ್ದಾಡುತ್ತಿದೆ. ಹಿಂದೆ ಟಕ್ಕು ಟಕ್ಕು ಎಂದು ರಾಜರ ಸವಾರಿ. ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ದೊರೈರಾಜ್ ಸಾರ್ ಸಂತೋಷದಿಂದ “ಸೂಪರ್ ಹಿಟ್” ಎಂದರು. ಬಸವರಾಜ ಮಾತ್ರ ಅಲ್ಲಿಂದ ಮುಂದೆ ನಾನಿಲ್ಲದೆ ಕೀಬೋರ್ಡ್ ಮುಟ್ಟಲಿಲ್ಲ.

ಆ ನಾಗಾಲೋಟಕ್ಕೆ ನಿಜವಾದ ಒಡೆಯ ಸಿಕ್ಕಿದ್ದು ಮುಂದಿನ ವರ್ಷ. ಡಾಲ್ಫಿನ್‌ಗಳ ಚಿತ್ರ ಬಂತು. ಕನ್ನಡದಲ್ಲಿ ಅದನ್ನು ಹಂದಿಮೀನು ಎನ್ನುವುದುಂಟು. ಹಂದಿಯೂ ಅಲ್ಲ, ಮೀನೂ ಅಲ್ಲ, ಹಾಗಾಗಿ ಡಾಲ್ಫಿನ್ ಎಂದೇ ಇಟ್ಟುಕೊಂಡೆ. ‘ಬಾಲವನ್ನು ಅತ್ತಿತ್ತ ಆಡಿಸುತ್ತಾ’ ಎಂದು ಓದಿ ಹೇಳಿದೆ. “ಅತ್ತಿತ್ತ ಅಂದ್ರ ಎಡಕ್ಕ ಬಲಕ್ಕನೋ, ಮ್ಯಾಲ ಕೆಳಗನೋ?” ಎಂದರು ಬಸವರಾಜ. ನಾನು ನೋಡಿರಲೇ ಇಲ್ಲ. ಮೀನೆಂದರೆ ಅತ್ತಿತ್ತ ಎಂದು ಕೈಯೇ ಬರೆದಿತ್ತು. ನೋಡಿದರೆ ಡಾಲ್ಫಿನ್ನಿನ ಬೆನ್ನು ಮೇಲೆ ಕೆಳಗೆ ಬಾಗುತ್ತಿತ್ತು, ಓಡುವ ನಾಯಿಯ ಬೆನ್ನಿನಂತೆ, ಓಡುವ ಕುದುರೆಯ ಬೆನ್ನಿನಂತೆ. ಯಾವುದೋ ಕಾಲದಲ್ಲಿ ಇವುಗಳ ಹಿರಿಯರು ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೆದಾಡಿಕೊಂಡಿದ್ದವು ಎಂದು ಇಂಗ್ಲಿಷ್ ಹಾಳೆಯಲ್ಲಿ ಇತ್ತು. ಓದಿದ್ದೆ, ನಂಬಿರಲಿಲ್ಲ. ಕಾಲು ಹೋಗಿದೆ, ಓಟ ಹೋಗಿಲ್ಲ ಎಂದು ಬೆನ್ನು ನೋಡಿದ ಮೇಲೆ ನಂಬಿದೆ. “ಬಸವರಾಜ್, ಅದು ನೀರಿನಲ್ಲಿ ಓಡ್ತಿದೆ” ಎಂದೆ. ಅವರು ಹಲ್ಲು ಕಿರಿದು, “ನನ್ನ ಕುದುರಿ ಇಲ್ಲೈತಿ ಅನ್ರಿ” ಎಂದು ಅದೇ ನಾಗಾಲೋಟವನ್ನು ಒಂದು ಸ್ಥಾಯಿ ಇಳಿಸಿ ಬಾರಿಸಿದರು.

ಪದಗಳಿಗಾಗಿ ನಾನು ರಾಯಪುರಂ ಮೀನುಪೇಟೆಗೂ ಹೋಗಲಾರಂಭಿಸಿದ್ದೆ. ಮೊದಲ ಸಲ ಮೂಗಿಗೆ ಸೆರಗು ಹಿಡಿದು ನಿಂತಿದ್ದವಳನ್ನು ಕಂಡು “ಎನ್ನ ಮಾಮಿ, ವಳಿ ತಪ್ಪಿ ವಂದುಟೀಂಗಳಾ?” ಎಂದು ರೇಗಿಸಿದವಳು ಮೇರಿ ಅಕ್ಕ. ದಾರಿ ತಪ್ಪಿ ಬಂದಿರಾ ಎಂದು; ಬ್ರಾಹ್ಮಣರ ಮನೆಯ ಹೆಂಗಸರನ್ನು ಅಲ್ಲಿ ಮಾಮಿ ಎಂದೇ ಕರೆಯುವುದು. ಮೀನು ಮಾರುವವಳು, ಗಂಡ ತೀರಿಕೊಂಡ ಮೇಲೆ ಅವನ ಬಲೆಯಲ್ಲಿ ಪಾಲು ಇಟ್ಟುಕೊಂಡಿದ್ದವಳು. ನಾನು ಮೀನು ಕೊಳ್ಳುವುದಿಲ್ಲ, ಹೆಸರು ಮಾತ್ರ ಕೇಳುತ್ತೇನೆ ಎಂದಾಗ ಅವಳು ನಕ್ಕ ನಗು ಆ ಸಾಲಿನ ಕೊನೆಯ ತನಕ ಕೇಳಿಸಿರಬೇಕು. ತೊರಕೆಗೆ ಅವಳು ತಿರುಕ್ಕೈ ಎಂದಳು. ನಮ್ಮ ಮಂಗಳೂರು ತೀರದ ತೊರಕೆ, ಈ ತೀರದ ತಿರುಕ್ಕೈ. ನಡುವೆ ಇಡೀ ನಾಡು ಇದೆ, ಬೆಟ್ಟಗಳಿವೆ. ಒಂದೇ ಮಾತು ಎರಡು ಸಮುದ್ರಗಳ ದಡದಲ್ಲಿ ಬಾಳುತ್ತಿತ್ತು.

ಹೊಸ ಶತಮಾನ ಬಂದ ಮೇಲೆ ಸ್ಟುಡಿಯೋದಲ್ಲಿ ಟೇಪುಗಳು ಹೋಗಿ ಕಂಪ್ಯೂಟರ್ ಬಂತು. ಮೊದಲೆಲ್ಲ ನಾನು ಒಂದು ಮಾತು ತಪ್ಪಿದರೆ ಇಡೀ ಭಾಗ ಮತ್ತೆ ಓದಬೇಕಿತ್ತು. ಈಗ ತಪ್ಪಿದ ಅಕ್ಷರವನ್ನೇ ಕತ್ತರಿಸಿ ಹೊಸದು ಅಂಟಿಸುತ್ತಿದ್ದರು. ನನಗೆ ಅನುಕೂಲವಾಯಿತು, ಸುಳ್ಳು ಹೇಳಲಾರೆ. ಆದರೆ ಅದೇ ಕಂಪ್ಯೂಟರಿನ ಜೊತೆ ಸಿದ್ಧ ಸಂಗೀತದ ಸಿಡಿಗಳೂ ಬಂದವು. ‘ಸಮುದ್ರದೊಳಗೆ’ ಎಂಬ ಹೆಸರಿನ ಸಿಡಿಯಲ್ಲಿ ಗುಳುಗುಳು ಸದ್ದಿನ ಮೇಲೆ ತೇಲುವ ರಾಗ. ಯಾವ ಪ್ರಾಣಿಗಾದರೂ ಹಾಕಬಹುದು. ದೊರೈರಾಜ್ ಸಾರ್ ಕೆಟ್ಟವರಲ್ಲ, ಆದರೆ ಆ ಸಿಡಿ ಅವರಿಗೆ ಬಹಳ ಹಿಡಿಸಿತು. ಒಂದು ದಿನ ನಮ್ಮಿಬ್ಬರನ್ನೂ ಕರೆದು, ಕೈಯಲ್ಲಿರುವ ತಿಮಿಂಗಿಲ ಶಾರ್ಕ್ ಚಿತ್ರವೇ ಬಸವರಾಜರ ಸಂಗೀತಕ್ಕೆ ಕೊನೆ, ಇದು ಎಲ್ಲರೂ ಬಾಯಿ ಬಿಡುವ ಹಾಗೆ ಬಂದರೆ ಆಮೇಲೆ ಯೋಚಿಸೋಣ ಎಂದರು. ಬಸವರಾಜ “ಸರಿ ಸಾರ್” ಎಂದು ಎದ್ದರು.

ತಿಮಿಂಗಿಲ ಶಾರ್ಕ್ ಲೋಕದ ಎಲ್ಲ ಮೀನುಗಳಿಗಿಂತ ದೊಡ್ಡದು. ತಿಮಿಂಗಿಲವಲ್ಲ, ಮೀನೇ. ಯಾರನ್ನೂ ಕಚ್ಚದು. ಬಾಯಿ ಅಗಲಿಸಿ ನೀರನ್ನು ಒಳಗೆ ಬಿಟ್ಟುಕೊಂಡು, ಅದರಲ್ಲಿರುವ ಕಣ್ಣಿಗೆ ಕಾಣದಂಥ ಜೀವಿಗಳನ್ನು ಸೋಸಿ ತಿನ್ನುತ್ತದೆ. ಇದನ್ನೆಲ್ಲ ಹೇಳಿದೆ.

“ಎಷ್ಟು ದೊಡ್ಡದು?”

“ಬಸ್ಸಿನಷ್ಟು.”

“ಬಸ್ಸು ನಾ ಹತ್ತೀನಿ, ಇಳದೀನಿ. ಎಷ್ಟುದ್ದ ಐತಿ ಅಂತ ಯಾರು ನೋಡ್ಯಾರ?”

ನಾವು ವಡಪಳನಿ ಡಿಪೋಗೆ ಹೋದೆವು. ನಿಂತಿದ್ದ ಒಂದು ಬಸ್ಸಿನ ಮೂತಿಯಿಂದ ಹಿಡಿದು ಬೆನ್ನಿನ ತನಕ ಬಸವರಾಜ ಅಂಗೈ ಸವರುತ್ತಾ ನಡೆದರು. ಬಿಸಿಲಿಗೆ ಕಾದ ತಗಡು. ಕಂಡಕ್ಟರ್ ಕೂಗಿದ, “ಯೋವ್, ವಂಡಿಕ್ಕು ಮಸಾಜಾ?” ಗಾಡಿಗೆ ಮಸಾಜೇ ಎಂದು. ಬಸವರಾಜ ಕೇಳಿಸಿಕೊಳ್ಳಲಿಲ್ಲ. ಹಿಂದಿನ ತುದಿ ಮುಟ್ಟಿ ಅಲ್ಲೇ ನಿಂತರು. “ಇಷ್ಟು ದೊಡ್ಡದು, ಸದ್ದಿಲ್ಲದ ಹೋಗತೈತಿ ಅಂತೀರಿ. ನಾ ನಂಬೂದಿಲ್ಲ ಅಕ್ಕಾರ. ನಂಬದ ಬಾರಿಸಿದ್ರ ಸುಳ್ಳಾಗತೈತಿ” ಎಂದರು. ಅಲ್ಲಿಂದ ಮುಂದೆ ದಿನವೂ ಬಂದು ಕೀಬೋರ್ಡಿನ ಮುಂದೆ ಕೂತು, ಏನನ್ನೂ ಬಾರಿಸದೆ ಎದ್ದು ಹೋಗುತ್ತಿದ್ದರು. ದೊರೈರಾಜ್ ಸಾರ್ ಗಡಿಯಾರ ನೋಡತೊಡಗಿದರು.

ಅಂಥ ಒಂದು ಬೆಳಗ್ಗೆ ಮೇರಿ ಅಕ್ಕ ಸ್ಟುಡಿಯೋಗೆ ಫೋನ್ ಮಾಡಿದಳು. ಅವಳ ಹಿಂದೆ ಗಲಾಟೆ ಕೇಳಿಸುತ್ತಿತ್ತು. “ಮಾಮೀ, ಪೆರಿಸು ಒಣ್ಣು ವಲೈಲ ಮಾಟ್ಟಿಕ್ಕಿಚ್ಚು. ಉಸುರೋಡ ಇರುಕ್ಕು. ಸೀಕ್ಕಿರಂ ವಾಂಗ.” ದೊಡ್ಡದೊಂದು ಬಲೆಗೆ ಸಿಕ್ಕಿಬಿದ್ದಿದೆ, ಜೀವ ಇದೆ, ಬೇಗ ಬನ್ನಿ. ಮೈಮೇಲೆ ಹೇಗಿದೆ ಎಂದು ಕೇಳಿದೆ. ಚುಕ್ಕಿ ಚುಕ್ಕಿ ಎಂದಳು. ನಮ್ಮ ಚಿತ್ರದ ತಿಮಿಂಗಿಲ ಶಾರ್ಕಿನ ಮೈಯೂ ಹಾಗೇ ಇತ್ತು.

ನಾನು ಬಸವರಾಜರ ಕೈ ಹಿಡಿದು ಎಬ್ಬಿಸಿದೆ. ಆಟೋ ರಾಯಪುರಂ ದಾಟಿ ಉತ್ತರಕ್ಕೆ ಹೋಯಿತು. ಅಲೆ ತಡೆಯಲು ಸುರಿದ ಕಲ್ಲುರಾಶಿಗಳ ನಡುವೆ ಒಂದು ತುಂಡು ಮರಳು ಉಳಿದಿತ್ತು. ಅಲ್ಲಿ ಊರಿಗೆ ಊರೇ ಸೇರಿತ್ತು. ದಡದಿಂದ ಎಳೆಯುವ ಉದ್ದನೆಯ ಬಲೆ ಅರ್ಧ ನೀರಿನಲ್ಲಿ, ಅರ್ಧ ದಡದಲ್ಲಿ. ಸೊಂಟದಾಳದ ನೀರಿನಲ್ಲಿ, ಬಲೆಯ ಮಡಿಕೆಗಳ ಒಳಗೆ, ಅದು ಇತ್ತು.

ಚಿತ್ರದಲ್ಲಿ ಅದನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ನೋಡಿರಲೇ ಇಲ್ಲ ಅನ್ನಿಸಿತು. ಇದು ಇನ್ನೂ ಮರಿ ಎಂದರು. ಆ ಮರಿಯೇ ದೋಣಿಯಷ್ಟು ಉದ್ದವಿತ್ತು. ಕಡುಬೂದು ಬೆನ್ನಿನ ಮೇಲೆ ಸಾಲು ಸಾಲಾಗಿ ಬಿಳಿ ಚುಕ್ಕಿಗಳು, ಯಾರೋ ಬೆಳಗ್ಗೆ ಎದ್ದು ಬಾಗಿಲಲ್ಲಿ ಇಟ್ಟು ಗೆರೆ ಎಳೆಯಲು ಮರೆತ ರಂಗೋಲಿಯ ಚುಕ್ಕಿಗಳಂತೆ. ಅಗಲವಾದ ತಲೆಯ ಅಂಚಿನಲ್ಲಿ ಪುಟ್ಟ ಕಣ್ಣು. ಆ ಕಣ್ಣು ನಮ್ಮನ್ನು ನೋಡುತ್ತಿತ್ತೋ ಇಲ್ಲವೋ. ನಾನು ಕೈ ಮುಗಿದದ್ದು ನನಗೇ ಗೊತ್ತಾಗಲಿಲ್ಲ.

ದಡದಲ್ಲಿ ವಾದ ನಡೆಯುತ್ತಿತ್ತು. ಬಲೆ ಕತ್ತರಿಸಿದರೆ ಹೋದ ಹಾಗೆಯೇ, ಹೊಸದು ಯಾರು ಕೊಡುತ್ತಾರೆ ಎಂದು ಪಾಲುದಾರರು. ಇದನ್ನು ಹಿಡಿಯುವುದು ಕಾನೂನಿಗೆ ವಿರುದ್ಧ ಎಂದು ಕೆಲವರು. ದಡಕ್ಕೆ ಎಳೆಯೋಣ, ಸತ್ತ ಮೇಲೆ ಸಿಕ್ಕಿತು ಎನ್ನೋಣ ಎಂದು ಇನ್ನೊಬ್ಬ. ಮೇರಿ ಅಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. “ವಲೈ ಎನ್ ಪುರುಷನ್ ವಲೈ. ಅರುತ್ತುಡುಂಗಡಾ!” ಎಂದು ಕೂಗಿದಳು. ಬಲೆ ನನ್ನ ಗಂಡನದು, ಕತ್ತರಿಸಿ ಹಾಕಿ. ಇಬ್ಬರು ಚೂರಿ ಹಿಡಿದು ಮುಳುಗಿದರು.

ಆಗ ಬಸವರಾಜ ಚಪ್ಪಲಿ ಬಿಟ್ಟು ನೀರಿನ ಕಡೆಗೆ ನಡೆದಿದ್ದರು.

“ಎಲ್ಲಿಗೆ? ನಿಮಗೆ ಈಜು ಬರೋದಿಲ್ಲ!”

“ನಿಮಗ ಬರತೈತೇನು?”

ಬರುತ್ತಿರಲಿಲ್ಲ. ಅವರ ಕೈ ಹಿಡಿದು ನಾನೂ ಇಳಿದೆ. ಐವತ್ತು ದಾಟಿದ ಹೆಂಗಸು, ಆರು ಗಜದ ಸೀರೆ, ಮೊಣಕಾಲಿನ ನೋವು. ಅಲೆ ಬಂದು ಎದೆಗೆ ಹೊಡೆದಾಗ ಬಸವರಾಜ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒಡೆಯಿತು. ಅವರಿಗೆ ಹೆದರಿಕೆ ಆಗಿತ್ತು. ಆದರೂ ನಿಲ್ಲಲಿಲ್ಲ. ಮೇರಿ ಅಕ್ಕ ಮುಂದೆ ಬಂದು ಅವರ ಇನ್ನೊಂದು ಕೈ ಹಿಡಿದು, “ಇದೋ” ಎಂದು ಅದರ ಪಕ್ಕೆಯ ಮೇಲೆ ಇಟ್ಟಳು.

ಬಸವರಾಜರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಿಟ್ಟು ಎಂದು ನಾವು ತಿಳಿದಿದ್ದದ್ದು ಮುಖದಿಂದ ಜಾರಿ ಹೋಯಿತು. ಅವರು ಕೈಯನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿದರು. ಮತ್ತೆ ಹಿಂದಕ್ಕೆ ಸವರಿದರು. “ಹಿಂಗ ಹೋದ್ರ ರೇಷ್ಮಿ. ಹಿಂಗ ಬಂದ್ರ ಮರಳ ಕಾಗದ” ಎಂದರು. ನಾನೂ ಅಂಗೈ ಇಟ್ಟೆ. ಒಳಗೆ ಏನೋ ಸಾಗುತ್ತಿತ್ತು. ಬಲೆಗೆ ಸಿಕ್ಕು ಅಲುಗಲಾಗದೆ ನಿಂತಿದ್ದ ಆ ಪ್ರಾಣಿಯ ಮೈಯೊಳಗೆ, ಭುಜದಿಂದ ಹೊರಟು ಬಾಲದ ತನಕ, ಬಹಳ ನಿಧಾನವಾಗಿ ಒಂದು ಬಾಗು ಹಾದುಹೋಗುತ್ತಿತ್ತು. ಅದು ಮುಗಿದ ಮೇಲೆ ಇನ್ನೊಂದು ಬರಲು ಎಷ್ಟು ಹೊತ್ತು! ಇನ್ನು ಬರುವುದಿಲ್ಲ, ಜೀವ ಹೋಯಿತು ಎಂದು ನಾನು ಅಂದುಕೊಂಡಾಗ ಮತ್ತೆ ಅಂಗೈ ಕೆಳಗೆ ಅದು ಎದ್ದು ಬರುತ್ತಿತ್ತು. ಸದ್ದಿಲ್ಲ. ಇಡೀ ದಡ ಕೂಗಾಡುತ್ತಿತ್ತು, ಆ ಮೈಯೊಳಗೆ ಮಾತ್ರ ಗರ್ಭಗುಡಿಯ ಹಾಗೆ ನಿಶ್ಶಬ್ದ.

“ವಿಟ್ಟಾಚ್ಚು!” ಬಿಟ್ಟಾಯಿತು ಎಂದು ಯಾರೋ ಕೂಗಿದರು. ಕೊನೆಯ ಮಡಿಕೆ ಕತ್ತರಿಸಿ ಆಗಿತ್ತು. ಹತ್ತಾರು ಜನ ಅದರ ಮೂತಿಯನ್ನು ಆಳದ ಕಡೆಗೆ ತಿರುಗಿಸಿ ನೂಕಿದರು. ಅದು ಸ್ವಲ್ಪ ಹೊತ್ತು ತನಗೆ ಬಿಡುಗಡೆಯಾಯಿತೆಂದು ತಿಳಿಯದಂತೆ ಅಲ್ಲೇ ತೂಗುತ್ತಾ ನಿಂತಿತು. ಆಮೇಲೆ ಬಾಲ ಒಂದೇ ಒಂದು ಸಲ ಎಡಕ್ಕೆ ಹೋಗಿ ಬಲಕ್ಕೆ ಬಂತು. ಹೊಡೆತವಲ್ಲ, ಅವಸರವಲ್ಲ, ದೊಡ್ಡ ಬಾಗಿಲೊಂದು ತೆರೆದಂತೆ. ಆ ಬಾಗಿಲಿನ ಹಿಂದೆ ನೀರೆಲ್ಲ ಎಳೆದುಕೊಂಡು ಹೋಯಿತು, ನಮ್ಮ ಕಾಲಡಿಯ ಮರಳೂ ಹೋಯಿತು. ನಾನು, ಬಸವರಾಜ, ಮೇರಿ ಅಕ್ಕ ಮೂವರೂ ಉರುಳಿ ಬಿದ್ದೆವು. ಉಪ್ಪು ನೀರು ಮೂಗಿಗೆ ಹೋಯಿತು. ಯಾರೋ ನನ್ನ ಜಡೆ ಹಿಡಿದು ಎತ್ತಿದರು. ಬಸವರಾಜರನ್ನು ಇಬ್ಬರು ಹೊತ್ತು ದಡಕ್ಕೆ ತಂದರು. ಅವರು ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದರು.

“ಹೋಯಿತೇನ್ರಿ?”

ನಾನು ತಿರುಗಿ ನೋಡಿದೆ. ಬಂದರಿನ ಕಡೆ ಹಡಗುಗಳು, ನಡುವೆ ಖಾಲಿ ನೀರು. “ಹೋಯಿತು” ಎಂದೆ.

ಮೇರಿ ಅಕ್ಕ ಹರಿದ ಬಲೆಯನ್ನು ಮಡಿಲಿಗೆ ಎಳೆದುಕೊಂಡು ಮರಳಿನ ಮೇಲೆ ಕೂತಳು. ಬೇಸರವೇ ಎಂದು ಕೇಳಿದೆ. ಅವಳು ಸಮುದ್ರ ನೋಡುತ್ತಾ, “ಕೈ ವಚ್ಚೇನ್ ಇಲ್ಲ, ಮಾಮಿ” ಎಂದಳು. ಕೈ ಇಟ್ಟೆನಲ್ಲ ಎಂದು. ಹುಟ್ಟಿದಾಗಿನಿಂದ ಮೀನು ಮುಟ್ಟುತ್ತಾ ಬಂದವಳ ಮಾತು ಅದು.

ಮರುದಿನ ಬಸವರಾಜ ರೆಕಾರ್ಡಿಂಗಿಗೆ ಕೂತರು. ಒಂದು ಆಳವಾದ ಸ್ವರ ಇದೆಯೋ ಇಲ್ಲವೋ ಎನ್ನುವಂತೆ ಹೊರಟು, ಕೋಣೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದುಹೋಗಿ ನಿಂತಿತು. ಆಮೇಲೆ ಏನೂ ಇಲ್ಲ. ಕಾಯಬೇಕು. ಕಾದು ಸಾಕಾಗುವಾಗ ಮತ್ತೆ ಅದು. ಯಂತ್ರದ ಮುಂದಿದ್ದ ದೊರೈರಾಜ್ ಸಾರ್, “ಮ್ಯೂಸಿಕ್ ಎಂಗೆ?”, ಸಂಗೀತ ಎಲ್ಲಿ, ಎಂದು ಕೇಳಿ, ಬಾಯಿ ತೆರೆದವರು ಹಾಗೇ ಉಳಿದರು. ನಾನು ಬರೆದಿಟ್ಟಿದ್ದ ಎರಡು ಪುಟದಲ್ಲಿ ಮುಕ್ಕಾಲು ಭಾಗ ಹೊಡೆದು ಹಾಕಿದೆ. ಆ ದೃಶ್ಯಕ್ಕೆ ಉಳಿದದ್ದು ಇಷ್ಟೇ: ‘ಇದು ಬರುತ್ತಿದೆ. ಇದು ಹೋಗುತ್ತಿದೆ. ಇದಕ್ಕೆ ಅವಸರವಿಲ್ಲ.’

ಅಷ್ಟಾದರೂ ಮುಂದಿನ ಚಿತ್ರಗಳಿಗೆ ಸಿಡಿ ಸಂಗೀತವೇ ಬಂತು ಎಂಬುದನ್ನು ಮರೆಮಾಚುವುದಿಲ್ಲ. ಕಾಲ ಹಾಗಿತ್ತು. ಬಸವರಾಜ ಧಾರಾವಾಹಿಗಳ ಕಡೆಗೆ ಹೋದರು, ಅಲ್ಲಿ ಚೆನ್ನಾಗಿಯೇ ಬೆಳೆದರು. ನಾನು ಇನ್ನೂ ಕೆಲವು ವರ್ಷ ಗುಳುಗುಳು ಸದ್ದಿನ ಮೇಲೆ ಓದಿ ನಿವೃತ್ತಳಾದೆ. ನಿಮಗೆ ಹೇಳಬೇಕೆಂದಿದ್ದ ಬುದ್ಧಿಮಾತು ಇಷ್ಟೇ: ಪರದೆಯನ್ನು ನೋಡಲಾರದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಅಂಥವರು ಸಿಗದಿದ್ದರೆ ಇದ್ದಾರೆಂದು ತಿಳಿದು ಬರೆಯಿರಿ.

ಆ ತಿಮಿಂಗಿಲ ಶಾರ್ಕ್ ಚಿತ್ರದ ಮೊದಲ ಪ್ರದರ್ಶನ ನಗರದ ಒಂದು ಕನ್ನಡ ಶಾಲೆಯಲ್ಲಿ ನಡೆಯಿತು. ಊಟ ಮುಗಿಸಿ ಬಂದ ಮಕ್ಕಳು. ಕನ್ನಡ ಅರ್ಥವಾದರೂ ತಮಿಳಲ್ಲೇ ಕಿರುಚಾಡುವ ಮಕ್ಕಳು. ಬೆಂಚುಗಳ ಸದ್ದು, ಡಬ್ಬಿಗಳ ಸದ್ದು, ಹಿಂದಿನ ಸಾಲಿನಲ್ಲಿ ಜಗಳ. ಬಸವರಾಜ ನನ್ನ ಪಕ್ಕದಲ್ಲಿ ನೆಟ್ಟಗೆ ಕೂತು, ತೊಡೆಯ ಮೇಲೆ ಬೆರಳು ಹೆಣೆದುಕೊಂಡಿದ್ದರು. ಹವಳ ಬಂತು, ಮೀನುಗಳ ಹಿಂಡು ಬಂತು, ಗಲಾಟೆ ಹಾಗೇ ಇತ್ತು. ಆಮೇಲೆ ನೀಲಿ ಖಾಲಿಯಾಯಿತು. ದೂರದಲ್ಲಿ ಒಂದು ನೆರಳು ಮೂಡಿ, ನಿಧಾನವಾಗಿ ಚುಕ್ಕಿಗಳು ಕಂಡು, ಬಾಯಿ ಕಂಡು, ಅದು ಇಡೀ ಪರದೆಯನ್ನು ತುಂಬಿಕೊಂಡು ನಮ್ಮ ಮೇಲೆ ಹಾದುಹೋಗತೊಡಗಿತು. ಆ ಒಂದು ಸ್ವರ ಬಂದು, ನಡೆದು, ನಿಂತಿತು.

ಸಭಾಂಗಣದಲ್ಲಿ ಒಂದು ಉಸಿರೂ ಕೇಳಿಸುತ್ತಿರಲಿಲ್ಲ.

ಬಸವರಾಜ ನನ್ನ ಕಡೆಗೆ ಬಾಗಿ, ಗಾಬರಿಯಿಂದ ಪಿಸುಗುಟ್ಟಿದರು. “ಅಕ್ಕಾರ, ಹುಡುಗರೆಲ್ಲ ಎದ್ದು ಹೋದರೇನು?”

ನಾನು ಸುತ್ತ ನೋಡಿದೆ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಪರದೆಯ ಕಡೆಗೆ ಅಂಗೈ ಚಾಚಿಕೊಂಡು ಕೂತಿದ್ದಳು.

“ಇಲ್ಲ” ಎಂದೆ. “ಎಲ್ಲರೂ ಇಲ್ಲೇ ಇದ್ದಾರೆ.”